ಪಲ್ಯಕ್ಕಾ, ಹುಳಿಗಾ?

ನಮ್ಮ ಮನೆಯಲ್ಲಿ ಹುರುಳಿಕಾಯಿ, ಅಂದರೆ ಬೀನ್ಸ್, ಹೆಚ್ಚುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕಿತ್ತು. 'ಅಮ್ಮ, ಪಲ್ಯಕ್ಕಾ, ಹುಳಿಗಾ?' ಉತ್ತರ ಬರುವ ತನಕ ಈಳಿಗೆ ಮಣೆಯ ಮುಂದೆ ಸುಮ್ನೆ ಕೂತಿರಬೇಕು. ಪಲ್ಯಕ್ಕೆ ಅಂದರೆ ಕಡಲೆಕಾಳಿನಷ್ಟು ಸಣ್ಣ ಚೂರು. ಹುಳಿಗೆ ಅಂದರೆ ಬೆರಳಿನ ಒಂದು ಗೆಣ್ಣಿನಷ್ಟು. ಪಲಾವ್‌ಗೆ ಉದ್ದಕ್ಕೆ ಸೀಳಬೇಕು. ಉಪ್ಪಿಟ್ಟಿಗೆ ಪಲ್ಯಕ್ಕಿಂತಲೂ ಸಣ್ಣ, ರವೆಯ ನಡುವೆ ಬಾಯಿಗೆ ಎಡವಬಾರದು. ಕೇಳದೆ ಹೆಚ್ಚಿದರೆ ಅಮ್ಮ ಬೈಯುತ್ತಿರಲಿಲ್ಲ. 'ಸರಿ, ಹಾಗಾದರೆ ಇವತ್ತು ಹುಳಿನೇ ಮಾಡ್ತೀನಿ' ಅಂತ ಅಡುಗೆಯನ್ನೇ ಬದಲಾಯಿಸಿಬಿಡುತ್ತಿದ್ದಳು. ಹೆಚ್ಚಿದ್ದು ಹೇಗೋ ಹಾಗೆ ಅಡುಗೆ. ತುಂಬಾ ವರ್ಷ ನಾನು ಇದನ್ನು ಅಮ್ಮನ ಹಟ ಅಂದುಕೊಂಡಿದ್ದೆ.

ರಾತ್ರಿ ಊಟ ಮುಗಿದ ಮೇಲೆ ಹಳೇ ಪೇಪರ್ ಹಾಸಿ, ಮರುದಿನದ ಕಾಯಿಯನ್ನು ಸುರಿದುಕೊಂಡು ಕೂರುತ್ತಿದ್ದೆವು. ಮೊದಲು ತೊಟ್ಟು ಮುರಿದು, ಅದನ್ನು ಹಾಗೇ ಎಳೆದು ಒಂದು ಬದಿಯ ನಾರು ತೆಗೆಯಬೇಕು. ಆಮೇಲೆ ತುದಿ ಮುರಿದು ಇನ್ನೊಂದು ಬದಿಯದ್ದು. ಎಳೆಯದಾಗಿದ್ದರೆ ಕಾಯಿ ಟಕ್ ಅಂತ ಮುರಿಯುತ್ತದೆ. ಬಾಗಿ ಬಾಗಿ ನಿಂತರೆ ಬಾಡಿದೆ ಅಂತ ಲೆಕ್ಕ. ಒಳಗಿನ ಬೀಜ ಹೊರಗಿನಿಂದಲೇ ಉಬ್ಬಿ ಕಂಡರೆ ಬಲಿತಿದೆ ಅಂತ. ಬಲಿತದ್ದನ್ನು ಎಸೆಯುತ್ತಿರಲಿಲ್ಲ, ಪಕ್ಕಕ್ಕೆ ಇಡುತ್ತಿದ್ದೆವು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಈಗ ಈ ಕೆಲಸ ಅರ್ಧಕ್ಕರ್ಧ ಕಡಿಮೆಯಾಗಿದೆ. ಮಾರ್ಕೆಟ್ಟಿನಲ್ಲಿ ಸಿಗುವ ಎಷ್ಟೋ ಕಾಯಿಗಳಲ್ಲಿ ನಾರೇ ಇರುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೆರಾಯ್ ಅನ್ನುವ ಊರಲ್ಲಿ ಕ್ಯಾಲ್ವಿನ್ ಕೀನಿ ಅನ್ನುವವರು 1894ರ ಹೊತ್ತಿಗೆ ನಾರಿಲ್ಲದ ತಳಿ ಬೆಳೆಸಿದರು. ಅಲ್ಲಿಯ ತನಕ ಆ ದೇಶದಲ್ಲಿ ಇದನ್ನು 'ದಾರದ ಬೀನ್ಸ್' ಅಂತಲೇ ಕರೆಯುತ್ತಿದ್ದರು. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುವಿಧಾ ಕೂಡ ನಾರಿಲ್ಲದ್ದೇ. ಕೆಲಸ ಉಳಿಯಿತು, ಅದು ಒಳ್ಳೆಯದೇ. ಆದರೂ ನಾನು ನಾಟಿ ಬೀನ್ಸ್ ಸಿಕ್ಕ ದಿನ ಬಿಡುವುದಿಲ್ಲ. ಅದರ ಸೊಗಡು ನುಣುಪು ಕಾಯಿಗೆ ಬರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಾರು ತೆಗೆಯುವ ಅರ್ಧ ಗಂಟೆ ಅದಕ್ಕೆ ಕೊಡಲೇಬೇಕಾದ ಬೆಲೆ.

ಹುರುಳಿಕಾಯಿ ಅನ್ನುವ ಹೆಸರು ಮೈಸೂರು ಕಡೆಯ ನಮಗೆ ಸಹಜ. ಮದುವೆಯಾದ ಹೊಸದರಲ್ಲಿ ಉಡುಪಿ ಕಡೆಯ ನನ್ನ ಯಜಮಾನರಿಗೆ 'ಇವತ್ತು ಹುರುಳಿಕಾಯಿ ಪಲ್ಯ' ಅಂದಾಗ ಅವರು ಗಾಬರಿಯಾಗಿದ್ದರು. 'ಹುರುಳಿಯ ಕಾಯಿಯನ್ನು ಪಲ್ಯ ಮಾಡ್ತೀರಾ ನೀವು?' ಅವರ ತಲೆಯಲ್ಲಿದ್ದದ್ದು ಹುರುಳಿಕಾಳು, ಸಾರು ಮಾಡುವ ಹುರುಳಿ. ಎರಡಕ್ಕೂ ಸಂಬಂಧವಿಲ್ಲ. ಹುರುಳಿ ನಮ್ಮ ನೆಲದ ಹಳೇ ಕಾಳು. ಈ ಹುರುಳಿಕಾಯಿ ದೂರದಿಂದ ಬಂದದ್ದು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಡೆ ಒಮ್ಮೆ, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಕಡೆ ಇನ್ನೊಮ್ಮೆ, ಹೀಗೆ ಎರಡು ಕಡೆ ಬೇರೆ ಬೇರೆಯಾಗಿ ಜನ ಇದನ್ನು ಕಾಡಿನಿಂದ ಹೊಲಕ್ಕೆ ತಂದರು. ಕೊಲಂಬಸ್ ಆಚೆ ಹೋದ ಮೇಲೆ ಯುರೋಪಿಗೆ ಬಂತು. ಯುರೋಪಿನವರ ಜೊತೆ ನಮ್ಮಲ್ಲಿಗೂ ಬಂತು.

ಇಷ್ಟೆಲ್ಲ ಇತಿಹಾಸ ನಮ್ಮಜ್ಜಿಗೆ ಗೊತ್ತಿರಲಿಲ್ಲ. ಆದರೆ ಅಡುಗೆಮನೆಗೆ ಗೊತ್ತಿತ್ತು. ನಮ್ಮಲ್ಲಿ ತಿಥಿ ಅಡುಗೆಗೆ ಬೀನ್ಸ್ ಬರುವುದಿಲ್ಲ. ಕೋಸು, ಕ್ಯಾರೆಟ್, ಆಲೂಗಡ್ಡೆ ಯಾವುದೂ ಇಲ್ಲ. ಗೋರಿಕಾಯಿ, ಹಾಗಲಕಾಯಿ, ಬಾಳೆಕಾಯಿ ಇವಷ್ಟೇ. 'ಯಾಕಜ್ಜಿ?' ಅಂದರೆ 'ಅದು ಇಂಗ್ಲಿಷ್ ತರಕಾರಿ ಕಣೇ' ಅನ್ನುತ್ತಿದ್ದರು. ಹಿರಿಯರಿಗೆ ಅವರು ಬಲ್ಲ ತರಕಾರಿಯನ್ನೇ ಬಡಿಸಬೇಕು ಅನ್ನುವುದು ಅಜ್ಜಿಯ ಮಾತು. ಅದೇ ಮನೆಯ ಮದುವೆ, ಮುಂಜಿಯ ಎಲೆಯಲ್ಲಿ ಮಾತ್ರ ಹುರುಳಿಕಾಯಿ ಪಲ್ಯ ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತಿತ್ತು. ಸತ್ತವರಿಗೆ ಹೊಸದಾಗಿಯೇ ಉಳಿದ ತರಕಾರಿ ಇದ್ದವರಿಗೆ ಮನೆಯದ್ದಾಗಿಬಿಟ್ಟಿತ್ತು.

ಈಗ ಪಲ್ಯದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಅರ್ಧ ಕೆ.ಜಿ. ಕಾಯಿ. ಅಗಲ ಬಾಯಿಯ ಪಾತ್ರೆಯಲ್ಲಿ ಧಾರಾಳ ನೀರು. ನೀರು ಕೊತ ಕೊತ ಕುದಿಯುವಾಗ ಉಪ್ಪು ಹಾಕಿ, ಹೆಚ್ಚಿದ ಕಾಯಿ ಸುರಿಯಬೇಕು. ಮುಚ್ಚಳ ಮುಚ್ಚಬಾರದು. ಆರೇಳು ನಿಮಿಷದಲ್ಲಿ ಒಂದು ಚೂರು ತೆಗೆದು ಕಚ್ಚಿ ನೋಡಬೇಕು. ಹಸಿ ವಾಸನೆ ಹೋಗಿ, ಹಲ್ಲಿಗೆ ಸ್ವಲ್ಪ ಎದುರು ನಿಂತರೆ ಸಾಕು, ಬಸಿಯಬೇಕು. ಬಸಿದ ನೀರನ್ನು ಸಾರಿಗೆ ಇಟ್ಟುಕೊಳ್ಳಬೇಕು. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆ, ಇಂಗು, ಮುರಿದ ಬ್ಯಾಡಗಿ ಮೆಣಸಿನಕಾಯಿ, ಕರಿಬೇವು. ಬೇಳೆ ಕೆಂಪಗಾಗುವ ತನಕ ಕಾದು, ಬಸಿದ ಕಾಯಿ ಹಾಕಿ, ಎರಡು ನಿಮಿಷ ಕೈಯಾಡಿಸಬೇಕು. ಒಲೆ ಆರಿಸಿದ ಮೇಲೆ ಹಸಿ ಕಾಯಿತುರಿ. ಮೊದಲೇ ಹಾಕಿದರೆ ತುರಿಯ ಹಾಲು ಬತ್ತಿ ಬರೀ ಸಿಪ್ಪೆಯ ರುಚಿ ಉಳಿಯುತ್ತದೆ. ನಿಂಬೆರಸ ಬೇಕಾದವರು ತಟ್ಟೆಯಲ್ಲಿ ಹಿಂಡಿಕೊಳ್ಳಲಿ.

ಮುಚ್ಚಳ ಯಾಕೆ ಮುಚ್ಚಬಾರದು ಅಂತ ಅಮ್ಮನನ್ನು ಕೇಳಿದರೆ 'ಬಣ್ಣ ಹೋಗುತ್ತೆ' ಅಂತ ಒಂದೇ ಮಾತು. ಕಾಲೇಜಿನಲ್ಲಿ ಕೆಮಿಸ್ಟ್ರಿ ಓದುವಾಗ ಅದರ ಕಾರಣ ತಿಳಿಯಿತು. ಹಸಿರು ಬಣ್ಣ ಕೊಡುವ ಕ್ಲೋರೋಫಿಲ್‌ನ ನಡುವೆ ಒಂದು ಮೆಗ್ನೀಸಿಯಂ ಕೂತಿರುತ್ತದೆ. ಹುಳಿ ತಾಗಿದರೆ ಅದು ಜಾಗ ಬಿಟ್ಟು ಹೋಗುತ್ತದೆ. ಆಗ ಕಾಯಿ ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಬೇಯುವಾಗ ಕಾಯಿಯೊಳಗಿನ ಹುಳಿ ತಾನೇ ಹೊರಗೆ ಬರುತ್ತದೆ. ಪಾತ್ರೆಯ ಬಾಯಿ ತೆರೆದಿದ್ದರೆ ಅದರಲ್ಲಿ ಸ್ವಲ್ಪ ಹಬೆಯ ಜೊತೆ ಹೋಗುತ್ತದೆ. ನೀರು ಜಾಸ್ತಿ ಇದ್ದರೆ ಉಳಿದದ್ದು ತೆಳುವಾಗುತ್ತದೆ. ಅಮ್ಮ ಎಸ್ಸೆಸ್ಸೆಲ್ಸಿ ದಾಟಿದವಳಲ್ಲ. ಆದರೆ ಇವೆರಡನ್ನೂ ದಿನಾ ಮಾಡುತ್ತಿದ್ದಳು.

ಸೋಡಾ ಹಾಕಿದರೂ ಬಣ್ಣ ನಿಲ್ಲುತ್ತದೆ. ಕೆಲವು ವರ್ಷದ ಹಿಂದೆ ನಮ್ಮ ನೆಂಟರ ಮನೆಯ ಗೃಹಪ್ರವೇಶದ ಊಟದಲ್ಲಿ ಪಲ್ಯ ನೋಡಿ ಎಷ್ಟು ಚೆನ್ನಾಗಿದೆ ಅನ್ನಿಸಿತು. ಗಿಳಿಹಸಿರು. ಬಾಯಿಗಿಟ್ಟರೆ ಸೋಪಿನ ವಾಸನೆ, ನಾಲಿಗೆಯ ಮೇಲೆ ಕರಗಿ ಹೋಗುವಷ್ಟು ಮೆತ್ತಗೆ. ಸೋಡಾ ಬಣ್ಣವನ್ನು ಉಳಿಸಿ ಕಾಯಿಯ ಗಟ್ಟಿತನವನ್ನು ಕರಗಿಸಿಬಿಡುತ್ತದೆ. ಐನೂರು ಜನಕ್ಕೆ ಬೇಯಿಸುವುದು ಕಷ್ಟ, ನನಗೆ ಗೊತ್ತು. ಆದರೂ ಅಂದು ನನಗೆ ನಿಜಕ್ಕೂ ಬೇಜಾರಾಯಿತು. ಅಷ್ಟೊಂದು ಕಾಯಿಯನ್ನು ಯಾರೋ ಬೆಳೆದಿದ್ದರು, ಯಾರೋ ಕೂತು ಹೆಚ್ಚಿದ್ದರು.

ಈ ಪಲ್ಯ ಯಾಕೆ ಇಷ್ಟು ಒಣಗಿರಬೇಕು? ಎಲೆಯಲ್ಲಿ ಊಟ ಮಾಡುವಾಗ ನೋಡಿ, ತಿಳಿಯುತ್ತದೆ. ಎಲೆಗೆ ಅಂಚಿಲ್ಲ. ಮೇಲುಭಾಗದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಅವುಗಳ ಸಾಲಿನಲ್ಲೇ ಪಲ್ಯ. ಕೆಳಗೆ ಅನ್ನದ ಮೇಲೆ ತೊವ್ವೆ, ಸಾರು, ಹುಳಿ ಬಂದು ಹರಿಯುತ್ತವೆ. ಮೇಲಿನ ಸಾಲಿನಲ್ಲಿರುವುದು ಕೂತ ಜಾಗ ಬಿಟ್ಟು ಕದಲಬಾರದು. ನೀರು ಬಿಡುವ ಪಲ್ಯ ಪಕ್ಕದ ಕೋಸಂಬರಿಯನ್ನೂ ಕೆಡಿಸುತ್ತದೆ. ಸಣ್ಣಗೆ ಹೆಚ್ಚಿದ, ಬಸಿದ, ತುರಿ ಬೆರೆತ ಚೂರುಗಳು ಮಾತ್ರ ಒಂದು ಹಿಡಿಯಷ್ಟು ಗುಡ್ಡೆಯಾಗಿ ನಿಲ್ಲುತ್ತವೆ. ಸಾರನ್ನದ ತುತ್ತಿನ ಜೊತೆ ಬೆರಳತುದಿಯಲ್ಲಿ ಬೇಕಾದಷ್ಟೇ ಎತ್ತಿಕೊಳ್ಳಬಹುದು. ಕಡಲೆಕಾಳಿನ ಅಳತೆ ಅಮ್ಮನ ಹಟವಲ್ಲ ಅಂತ ನನಗೆ ಮೊದಲು ಅನ್ನಿಸಿದ್ದು ಪಂಕ್ತಿಯಲ್ಲಿ ಬಡಿಸಲು ನಿಂತಾಗ.

ಕೋಸಂಬರಿ ಅಂದಾಗ ನೆನಪಾಯಿತು. ಸೌತೆಕಾಯಿ, ಕ್ಯಾರೆಟ್ ಹಸಿಯಾಗಿ ಕೋಸಂಬರಿಗೆ ಹೋಗುತ್ತವೆ, ಬೀನ್ಸ್ ಹೋಗುವುದಿಲ್ಲ. ಅದೂ ಸರಿಯೇ. ಹಸಿ ಬೀನ್ಸ್‌ನಲ್ಲಿ, ಅದರಲ್ಲೂ ಬೀಜದಲ್ಲಿ, ಹೊಟ್ಟೆ ಕೆಡಿಸುವ ಲೆಕ್ಟಿನ್ ಅನ್ನುವ ವಸ್ತು ಇರುತ್ತದೆ. ಕುದಿಸಿದರೆ ಅದರ ತೊಂದರೆ ಇರುವುದಿಲ್ಲ. ಈಗೀಗ ಸಲಾಡ್ ಅಂತ ಹಸಿಯಾಗಿಯೇ ಕತ್ತರಿಸಿ ಹಾಕುವವರಿಗೆ ನಾನು ಇದನ್ನು ಹೇಳದೆ ಇರುವುದಿಲ್ಲ.

ಹುಳಿಯ ಕಥೆ ಬೇರೆ. ಅಲ್ಲಿ ಕಾಯಿ ಬೇಳೆಯ ಜೊತೆ ತುಂಬಾ ಹೊತ್ತು ಇರಬೇಕು, ಮಸಾಲೆ ಕುಡಿಯಬೇಕು, ಆದರೆ ಕರಗಬಾರದು. ಅದಕ್ಕೇ ಗೆಣ್ಣಿನಷ್ಟು ಉದ್ದ. ಇಲ್ಲಿ ಅಮ್ಮನ ನಿಯಮ ಒಂದೇ. ಕಾಯಿ ಬೆಂದ ಮೇಲೆ ಹುಣಸೆಹಣ್ಣು. ನಾನು ಮೊದಲ ಸಲ ಒಬ್ಬಳೇ ಹುಳಿ ಮಾಡಿದಾಗ ಎಲ್ಲವನ್ನೂ ಒಟ್ಟಿಗೆ ಹಾಕಿದ್ದೆ. ಮುಕ್ಕಾಲು ಗಂಟೆ ಕುದಿಸಿದರೂ ಬೀನ್ಸ್ ಮೆತ್ತಗಾಗಲಿಲ್ಲ. ಹುಣಸೆಯ ಹುಳಿ ಬಣ್ಣ ಕೆಡಿಸುವುದಷ್ಟೇ ಅಲ್ಲ, ಕಾಯಿ ಬೇಯುವುದನ್ನೂ ತಡೆಯುತ್ತದೆ. ಒಮ್ಮೆ ಬೆಂದ ಮೇಲೆ ಹಾಕಿದರೆ ಅದೇ ಹುಳಿ ಕಾಯಿ ಕರಗದ ಹಾಗೆ ಹಿಡಿದಿಡುತ್ತದೆ. ಮರುದಿನ ಬಿಸಿ ಮಾಡಿದ ಹುಳಿಯಲ್ಲೂ ಹೋಳುಗಳು ಹಾಗೇ ಇರುವುದು ಅದಕ್ಕೇ. ಹುಳಿಯಲ್ಲಿ ಹಸಿರು ಬಣ್ಣವನ್ನು ಯಾರೂ ಹುಡುಕುವುದಿಲ್ಲ, ಹುಡುಕಲೂ ಬಾರದು.

ನಮ್ಮ ಬೀದಿಯಲ್ಲಿ ಮೇಲುಕೋಟೆ ಕಡೆಯ ಒಂದು ಅಯ್ಯಂಗಾರ್ ಮನೆಯಿತ್ತು. ಆ ಮನೆಯ ಮಾಮಿ ನಮಗೆ ಪರುಪ್ಪುಸಿಲಿ ಕಲಿಸಿದರು. ತೊಗರಿಬೇಳೆ, ಕಡಲೆಬೇಳೆ ಎರಡು ಗಂಟೆ ನೆನೆಸಿ, ಒಣಮೆಣಸಿನಕಾಯಿ, ಇಂಗು, ಉಪ್ಪು ಸೇರಿಸಿ ತರಿತರಿಯಾಗಿ ರುಬ್ಬುವುದು. ಇಡ್ಲಿ ತಟ್ಟೆಯಲ್ಲಿ ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಕೈಯಲ್ಲಿ ಉದುರಿಸುವುದು. ಆಮೇಲೆ ಒಗ್ಗರಣೆಯಲ್ಲಿ ಸಣ್ಣ ಉರಿಯ ಮೇಲೆ ಹುರಿಯುತ್ತಾ ಹೋಗಬೇಕು. ಮಾಮಿ ಹದಿನೈದು ನಿಮಿಷ ಬಾಣಲೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಬೇಳೆ ಮರಳಿನ ಹಾಗೆ ಬಿಡಿಬಿಡಿಯಾದಾಗ ಬೆಂದ ಬೀನ್ಸ್ ಸೇರಿಸುತ್ತಿದ್ದರು. ಕಾಯಿಯ ಚೂರು ಬೇಳೆಯ ಚೂರಿನಷ್ಟೇ ಇರಬೇಕು, ಇಲ್ಲದಿದ್ದರೆ ಎರಡೂ ಬೇರೆ ಬೇರೆ ಉಳಿಯುತ್ತವೆ. ಇದಕ್ಕೆ ಜೊತೆ ಮಜ್ಜಿಗೆ ಹುಳಿ. ಗರಿಗರಿ ಬೇಳೆ, ತಣ್ಣನೆ ಮಜ್ಜಿಗೆಯ ಹುಳಿ, ಬಿಸಿ ಅನ್ನ. ಬೀನ್ಸ್‌ನಿಂದ ಮಾಡುವ ಎಲ್ಲ ಅಡುಗೆಗಳಲ್ಲಿ ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಅಮ್ಮನ ಪಲ್ಯಕ್ಕಿಂತಲೂ.

ಮದುವೆಯಾಗಿ ಹೋದ ಮೇಲೆ ಎಲ್ಲ ಮೊದಲಿಂದ ಶುರುವಾಯಿತು. ಉಡುಪಿ ಕಡೆ ಮನೆಯ ಹಿತ್ತಲಿನ ಕಾಯಿ ಅಂದರೆ ಅಲಸಂಡೆ, ಮೊಳದುದ್ದ ಚಪ್ಪರದಿಂದ ಇಳಿಬೀಳುವುದು. ಅದು ಬೀನ್ಸ್‌ನ ಜಾತಿಯೇ ಅಲ್ಲ, ಅಲಸಂದೆಕಾಳಿನ ಒಡಹುಟ್ಟು. ಬೀನ್ಸ್ ಘಟ್ಟದ ಮೇಲಿಂದ ಬರುವ ತರಕಾರಿ. ನನ್ನ ಅತ್ತೆ ಎರಡಕ್ಕೂ ಒಂದೇ ಹದ ಹಿಡಿಯುತ್ತಿದ್ದರು. ತೆಂಗಿನೆಣ್ಣೆಯ ಒಗ್ಗರಣೆ. ಕಾಯಿಗೆ ಸ್ವಲ್ಪವೇ ನೀರು, ಮುಚ್ಚಿದ ಪಾತ್ರೆ, ಉಪ್ಪಿನ ಜೊತೆ ಒಂದು ತುಂಡು ಬೆಲ್ಲ. ಕೊನೆಗೆ ಕಾಯಿತುರಿ, ಸಾಸಿವೆ, ಒಣಮೆಣಸು ತರಿಯಾಗಿ ಅರೆದು ಸೇರಿಸುವುದು. ಬಸಿಯುವುದು ಅಂದರೆ ಅವರಿಗೆ ಆಗುತ್ತಿರಲಿಲ್ಲ. 'ರುಚಿಯನ್ನೆಲ್ಲ ನೀರಿನೊಟ್ಟಿಗೆ ಹೊರಗೆ ಹಾಕಿದರೆ ಪಲ್ಯದಲ್ಲಿ ಉಳಿಯುವುದು ಎಂತದು ಮಾರಾಯ್ತಿ?' ನಾನು ಮೊದಲ ವರ್ಷ ಮನಸ್ಸಿನಲ್ಲೇ ಬಣ್ಣಕ್ಕಾಗಿ ಅಳುತ್ತಿದ್ದೆ. ಮುಚ್ಚಿ ಬೇಯಿಸಿದ ಕಾಯಿ ಮಂಕಾಗುತ್ತಿತ್ತು. ಆದರೆ ಅರೆದ ಸಾಸಿವೆಯ ಘಾಟು ಬೆಲ್ಲದ ಜೊತೆ ಸೇರಿ ಕುಚಲಕ್ಕಿ ಗಂಜಿಯ ಪಕ್ಕ ಕೂತಾಗ, ನನ್ನ ಹಸಿರು ಪಲ್ಯ ಆ ತಟ್ಟೆಗೆ ಹೊಂದುವುದಿಲ್ಲ ಅಂತ ತಿಳಿಯಿತು. ಗಂಜಿಗೆ ಏರು ರುಚಿಯೇ ಬೇಕು. ಒಂದು ಮಳೆಗಾಲ ಬೇಕಾಯಿತು ನನಗೆ ಅದು ಗೊತ್ತಾಗಲು.

ಧಾರವಾಡದ ನಮ್ಮ ಗೆಳತಿಯ ಮನೆಯಲ್ಲಿ ಶೇಂಗಾ ಪುಡಿ, ಗುರೆಳ್ಳು ಪುಡಿ ಹಾಕಿ ಮಾಡುತ್ತಾರೆ. ಎಣ್ಣೆ ಕೈ ಬಿಟ್ಟು ಹಾಕುತ್ತಾರೆ. 'ರೊಟ್ಟಿ ಜೋಡಿ ತಿನ್ನೂ ಪಲ್ಯಾ ಉದುರಿದ್ರ ಹೆಂಗ ನಡೀತೈತ್ರಿ?' ಅಂತ ಆಕೆ ಕೇಳಿದ್ದು ಸರಿಯಾಗಿಯೇ ಇತ್ತು. ಜೋಳದ ರೊಟ್ಟಿಯ ಚೂರಿನಲ್ಲಿ ಎತ್ತಬೇಕಾದರೆ ಪುಡಿ ಎಣ್ಣೆ ಹಿಡಿದು ಕಾಯಿಯನ್ನು ಒಂದಕ್ಕೊಂದು ಅಂಟಿಸಬೇಕು.

ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ. ಒಂದು ನವೆಂಬರ್‌ನಲ್ಲಿ ನಾನು ಅಲ್ಲಿದ್ದೆ. ತಿಂಗಳ ನಾಲ್ಕನೇ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಪಕ್ಕದ ಮನೆಯ ಅಜ್ಜಿಯೊಬ್ಬರು ನಮ್ಮನ್ನು ಊಟಕ್ಕೆ ಕರೆದಿದ್ದರು. ನಾವು ಮಾಂಸ ತಿನ್ನುವುದಿಲ್ಲ ಅಂತ ತಿಳಿದು, ಗಾಜಿನ ಟ್ರೇಯೊಂದನ್ನು ನಮ್ಮ ಮುಂದೆಯೇ ಇಟ್ಟರು. ಗ್ರೀನ್ ಬೀನ್ ಕ್ಯಾಸರೋಲ್. ಬೆಂದ ಬೀನ್ಸ್, ಡಬ್ಬಿಯ ಅಣಬೆ ಸೂಪು, ಹಾಲು, ಸ್ವಲ್ಪ ಸೋಯಾ ಸಾಸ್, ಕಾಳುಮೆಣಸಿನ ಪುಡಿ. ಮೇಲೆ ಕರಿದ ಈರುಳ್ಳಿ. ಎಲ್ಲವನ್ನೂ ಓವನ್‌ನಲ್ಲಿ ಅರ್ಧ ಗಂಟೆ ಇಡುವುದು. ಇದನ್ನು 1955ರಲ್ಲಿ ಅದೇ ರಾಜ್ಯದ ಕ್ಯಾಮ್ಡೆನ್ ಊರಿನಲ್ಲಿ, ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಮತ್ತು ಅವರ ಜೊತೆಯವರು ರೂಪಿಸಿದರು. ಯಾವ ಮನೆಯಲ್ಲೂ ಇರುವ ಸಾಮಾನಿನಿಂದ ಆಗಬೇಕು ಅನ್ನುವುದು ಅವರ ಗುರಿ. ಅದರ ಮೂಲ ಚೀಟಿ 2002ರಲ್ಲಿ, ಆಗ ಓಹಿಯೋದಲ್ಲಿದ್ದ, ಹೊಸದನ್ನು ಕಂಡುಹಿಡಿದವರ ನೆನಪಿನ ಸಂಗ್ರಹಾಲಯ ಸೇರಿತು. 2018ರಲ್ಲಿ ರೈಲಿ ತೀರಿಕೊಂಡರು.

ಬಣ್ಣ ನೋಡಿದರೆ ಪಾಚಿ. ಕಚ್ಚಿದರೆ ಹಲ್ಲಿಗೆ ಕೆಲಸವೇ ಇಲ್ಲ. ಅಮ್ಮನ ಲೆಕ್ಕದಲ್ಲಿ ಎಲ್ಲವೂ ತಪ್ಪು. ಆದರೆ ಆ ಮೇಜನ್ನು ನೋಡಿದೆ. ಎಂಬತ್ತರ ಅಜ್ಜಿಯಿಂದ ಹಿಡಿದು ಮೂರು ವರ್ಷದ ಮೊಮ್ಮಗುವಿನ ತನಕ ಹದಿಮೂರು ಜನ. ಟ್ರೇ ಕೈಯಿಂದ ಕೈಗೆ ಹೋಗುತ್ತಿತ್ತು. ದೊಡ್ಡ ಚಮಚದಲ್ಲಿ ಎತ್ತಿದರೆ ಚದುರದೆ ತಟ್ಟೆಗೆ ಬರಬೇಕು. ತಣ್ಣಗಾದರೂ ನಡೆಯಬೇಕು. ಮುದುಕರೂ ಮಕ್ಕಳೂ ತಿನ್ನುವ ಹಾಗಿರಬೇಕು. ಮೇಲಿನ ಈರುಳ್ಳಿಯನ್ನು ಮೊಮ್ಮಗು ಒಂದೊಂದಾಗಿ ಆರಿಸಿ ತಿನ್ನುತ್ತಿತ್ತು. ನಾನು ಎರಡು ಸಲ ಬಡಿಸಿಕೊಂಡೆ.

ಬಲಿತ ಕಾಯಿಯ ವಿಷಯ ಹೇಳುತ್ತೇನೆ ಅಂದಿದ್ದೆ. ಪಕ್ಕಕ್ಕಿಟ್ಟ ಕಾಯಿಗಳನ್ನು ಎರಡು ಮೂರು ದಿನ ಕೂಡಿಸಿ, ಸಿಪ್ಪೆ ಬಿಡಿಸಿ, ಕಾಳು ತೆಗೆಯುತ್ತಿದ್ದೆವು. ಹಸಿ ಬೀನ್ಸ್ ಕಾಳು. ಬೆಂಗಳೂರು, ಮೈಸೂರಿನ ಮಾರ್ಕೆಟ್‌ಗಳಲ್ಲಿ ಬಿಡಿಸಿದ್ದನ್ನೇ ಮಾರುತ್ತಾರೆ. ಅದರ ಸಾರಿಗೆ ತೆಂಗಿನಕಾಯಿ, ಧನಿಯಾ, ಒಂದು ಚೂರು ಚಕ್ಕೆ, ಬೆಳ್ಳುಳ್ಳಿ ರುಬ್ಬಿ ಹಾಕಿದರೆ ಮುದ್ದೆಗೆ ಅದಕ್ಕಿಂತ ಬೇರೆ ಬೇಡ. ಕಾಳು ಪೂರ್ತಿ ಮೆತ್ತಗಾಗುವ ತನಕ ಬೇಯಿಸಲೇಬೇಕು, ಇಲ್ಲಿ ಅರೆಬೆಂದದ್ದು ನಡೆಯುವುದಿಲ್ಲ. ಪಲ್ಯಕ್ಕೆ ಬೇಡವಾದ ಕಾಯಿ ಹೀಗೆ ಇನ್ನೊಂದು ಊಟವಾಗುತ್ತಿತ್ತು. ಸಿಪ್ಪೆ, ತೊಟ್ಟು, ನಾರು ಬೀದಿಯ ಹಸುವಿಗೆ.

ಅಮ್ಮನಿಗೆ ಈಗ ಎಂಬತ್ತಮೂರು. ಹೋದ ವರ್ಷದಿಂದ ನಮ್ಮ ಜೊತೆಗೇ ಇದ್ದಾಳೆ. ಹಲ್ಲು ಹೋಗಿವೆ, ಕಟ್ಟಿಸಿದ ಸೆಟ್ ಹಾಕಿಕೊಳ್ಳುವುದಿಲ್ಲ. ಕಣ್ಣು ಮಸುಕು. ಆದರೂ ನಾರು ತೆಗೆಯುವ ಕೆಲಸ ತನಗೇ ಬೇಕು. ತಟ್ಟೆ ತೊಡೆಯ ಮೇಲಿಟ್ಟುಕೊಂಡು, ನೋಡದೆ, ಬೆರಳಲ್ಲೇ ಎಳೆಯದ್ದು ಯಾವುದು ಬಲಿತದ್ದು ಯಾವುದು ಅಂತ ವಿಂಗಡಿಸುತ್ತಾಳೆ. ಹೆಚ್ಚುವುದು ನಾನು.

ಮೊದಮೊದಲು ಅವಳದೇ ರೀತಿಯಲ್ಲಿ ಪಲ್ಯ ಮಾಡಿ ಕೊಡುತ್ತಿದ್ದೆ. ಬಾಯಲ್ಲಿ ಅತ್ತಿತ್ತ ತಿರುಗಿಸಿ, ಯಾರಿಗೂ ಕಾಣದ ಹಾಗೆ ತಟ್ಟೆಯ ಅಂಚಿಗೆ ತೆಗೆದಿಡುತ್ತಿದ್ದಳು. ಕಳೆದ ವಾರ ಕಾಯಿಯನ್ನು ಉಪ್ಪಿಟ್ಟಿಗೆ ಹೆಚ್ಚುವ ಹಾಗೆ ಹೆಚ್ಚಿದೆ. ಸ್ವಲ್ಪ ಹೆಸರುಬೇಳೆ ಸೇರಿಸಿ, ಮುಚ್ಚಿ, ಇಪ್ಪತ್ತು ನಿಮಿಷ ಬೇಯಿಸಿದೆ. ನೀರು ಬಸಿಯಲಿಲ್ಲ. ಒಗ್ಗರಣೆಗೆ ಬೇಳೆ ಹಾಕದೆ ಬರೀ ಸಾಸಿವೆ, ಇಂಗು. ತುರಿಯ ಬದಲು ನುಣ್ಣಗೆ ರುಬ್ಬಿದ ತೆಂಗಿನಕಾಯಿ. ಬಣ್ಣ ಪೂರ್ತಿ ಹೋಗಿತ್ತು. ತಟ್ಟೆ ಅವಳ ಮುಂದೆ ಇಡುವಾಗ ನನ್ನ ಕೈ ಸ್ವಲ್ಪ ಹಿಂಜರಿಯಿತು.

ಅನ್ನಕ್ಕೆ ಕಲಸಿಕೊಂಡು ಮೊದಲ ತುತ್ತು ತಿಂದಳು. ಎರಡನೆಯದೂ ತಿಂದಳು. ಅಂಚಿಗೆ ಏನೂ ಬರಲಿಲ್ಲ. ಮುಗಿದ ಮೇಲೆ ಬೆರಳಿಂದ ತಟ್ಟೆಯನ್ನು ಬಳಿದು, 'ಇನ್ನೊಂದು ಚೂರು ಹಾಕು' ಅಂದಳು.